ಜಟ್ಟಿಯ ಲಿಲಾವು

ಕ್ರೀಡಾ ನಿರ್ವಹಣೆ ಎಂಬ ವಿಷಯದಲ್ಲಿ ಎಂಬಿಎ ಮಾಡಬಹುದು ಎಂದು ಹಿರೇಗುತ್ತಿ ಊರಿಗೆ ಗೊತ್ತಾದದ್ದು ಅದನ್ನು ಓದುತ್ತಿದ್ದ ಅಲ್ಲಿನದೇ ಹುಡುಗಿ ಜಯಶ್ರೀಯಿಂದ. ಅದನ್ನು ಓದಿದವರು ಆಡುವುದಿಲ್ಲ, ಆಡಿಸುತ್ತಾರೆ ಎಂದು ಅವಳು ವಿವರಿಸಿದಾಗ ಊರವರಿಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಮನೆಮನೆಯ ಅತ್ತೆಯಂದಿರು ಯಾವ ಪದವಿಯೂ ಇಲ್ಲದೆ ಅದನ್ನೇ ಮಾಡಿಕೊಂಡು ಬಂದಿದ್ದರು.

ಕೊನೆಯ ಸೆಮಿಸ್ಟರಿನಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಕ್ರೀಡಾಕೂಟವನ್ನು ತಾನೇ ಏರ್ಪಡಿಸಿ ನಡೆಸಬೇಕು, ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬಂದು ಕಣ್ಣಾರೆ ನೋಡಿ ಅಂಕ ಕೊಡಬೇಕು ಎಂಬುದು ನಿಯಮ. ಕೂಟ ನಡೆಯದಿದ್ದರೆ ಒಂದು ವರ್ಷ ಹೋಯಿತು. ಪುಣೆಯ ಸಂಸ್ಥೆಯೊಂದು ಅವಳಿಗೆಂದು ಎತ್ತಿಟ್ಟಿದ್ದ ಕೆಲಸವೂ ಹೋಯಿತು. ಆದ್ದರಿಂದ ಜಯಶ್ರೀ ಎರಡು ದಿನದ ಟೆನಿಸ್‌ ಬಾಲ್‌ ಕ್ರಿಕೆಟ್‌ ಲೀಗ್‌ ಒಂದನ್ನು ಹಮ್ಮಿಕೊಂಡಳು. ಭಟ್ಕಳ, ಹೊನ್ನಾವರ, ಕುಮಟಾ ಎಂದು ಮೂರು ತಂಡ, ಮೂವರು ಮಾಲಕರು. ಆಟಗಾರರನ್ನು ಹರಾಜಿನಲ್ಲಿ ಕೊಳ್ಳಬೇಕು. ಹಣವಿಲ್ಲ, ಬರೀ ಪಾಯಿಂಟು.

ಆಡುವುದಕ್ಕೆ ಜಾಗ ಕೊಟ್ಟವನು ಪಕ್ಕದ ಮನೆಯ ಜಟ್ಟಿ. ಭತ್ತ ಕೊಯ್ದು ಖಾಲಿಯಾದ ಅವನ ಗದ್ದೆಯಷ್ಟು ಸಮತಟ್ಟಾದ ನೆಲ ಸುತ್ತಮುತ್ತ ಇರಲಿಲ್ಲ. ಬಾಡಿಗೆ ಬೇಡವೆಂದ. ಹರಾಜಿನ ಪಟ್ಟಿಯಲ್ಲಿ ತನ್ನ ಹೆಸರೂ ಇರಬೇಕು ಎಂದಷ್ಟೇ ಕೇಳಿದ. ಪ್ರಾಯ ಐವತ್ತಾರು ಆಗಿತ್ತು. ಒಂದು ಕಾಲದಲ್ಲಿ ಅವನು ವಿಕೆಟ್‌ ಕೀಪರ್‌. ಈಗಲೂ ಬಾಲು ತನ್ನನ್ನು ದಾಟಿ ಹೋಗದು ಎಂಬುದು ಅವನ ವಾದ. ಆ ಹೊಟ್ಟೆಯನ್ನು ದಾಟಿ ಹೋಗುವುದು ಯಾವುದಕ್ಕೂ ಸಾಧ್ಯವಿಲ್ಲ ಎಂದು ಹೆಂಡತಿ ಮಾದೇವಿ ಸಮರ್ಥಿಸುತ್ತಿದ್ದಳು.

ಹರಾಜು ಭಾನುವಾರ ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಊರವರು ಅದನ್ನು ಲಿಲಾವು ಎಂದೇ ಕರೆದರು. ದೇವಸ್ಥಾನದಲ್ಲಿ ಹರಕೆಯ ಬಾಳೆಗೊನೆ, ಕುಂಬಳಕಾಯಿ ಲಿಲಾವಾಗುವುದನ್ನು ಕಂಡವರಿಗೆ ಪದ್ಧತಿಯನ್ನು ವಿವರಿಸುವ ಅಗತ್ಯ ಬೀಳಲಿಲ್ಲ. ಸುತ್ತಿಗೆಯ ಬದಲು ಜಯಶ್ರೀಯ ಕೈಯಲ್ಲಿ ಬಡಗಿಯಿಂದ ಎರವಲು ತಂದ ಕೊಡತಿಯಿತ್ತು. ಬೌಲರುಗಳು ಹೋದರು, ಬ್ಯಾಟರುಗಳು ಹೋದರು. ಬ್ಯಾಟನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ತಿಳಿಯದವನೂ, ಅವನ ಬಳಿ ಜೀಪಿದೆ ಎಂಬ ಕಾರಣಕ್ಕೆ, ಒಳ್ಳೆಯ ದರಕ್ಕೆ ಹೋದ. ಕೊನೆಗೆ ಜಟ್ಟಿಯ ಹೆಸರು ಬಂತು.

ಯಾರೂ ಕೂಗಲಿಲ್ಲ.

ಜಯಶ್ರೀ ಹೆಸರನ್ನು ಮತ್ತೊಮ್ಮೆ ಓದಿದಳು. ಭಟ್ಕಳ ತಂಡದ ಮಾಲಕ ದಿವಾಕರ ನೆಲ ನೋಡಿದ. ಮುರ್ಡೇಶ್ವರದಲ್ಲಿ ಹೋಟೆಲಿನ ಮ್ಯಾನೇಜರನಾಗಿದ್ದ ಅವನು ಜಟ್ಟಿಯ ಒಬ್ಬಳೇ ಮಗಳು ರೂಪಾಳ ಗಂಡ. ಕುಮಟಾ ತಂಡದ ಮಾಲಕ ಉದಯ ತಲೆಯ ಮೇಲಿನ ಮಾಡು ನೋಡಿದ. ಅವನು ಜಟ್ಟಿಯ ಸ್ವಂತ ತಮ್ಮ. ಹೊನ್ನಾವರದ ಮಾಲಕ ಅನೂಪ ಬ್ಯಾಂಕಿನವನು, ಸಂಬಂಧಿಕನಲ್ಲ. ಅವನು ಮಾತ್ರ ಜಟ್ಟಿಯ ಮೊಣಕಾಲನ್ನೇ ನೋಡಿದ. ನಿಯಮದಂತೆ ಕೊಡತಿ ಮೇಜಿಗೆ ಬಿತ್ತು. ಪರದೆಯ ಮೇಲೆ ಜಟ್ಟಿಯ ನಗುಮುಖದ ಅಡಿಯಲ್ಲಿ ‘ಅನ್‌ಸೋಲ್ಡ್‌’ ಎಂದು ಕೆಂಪಕ್ಷರದಲ್ಲಿ ಮೂಡಿತು. ಪ್ರೊಜೆಕ್ಟರ್‌ ಸಿಕ್ಕಿಕೊಂಡಿದ್ದರಿಂದ ಅದು ಬಹಳ ಹೊತ್ತು ಹಾಗೆಯೇ ಉಳಿಯಿತು.

ಜಟ್ಟಿ ಮನೆಗೆ ಹೋಗಿ ಟಿಲ್ಲರಿನವನಿಗೆ ಫೋನು ಮಾಡಿದ. ಬುಧವಾರ ಗದ್ದೆ ಉಳಬೇಕು, ಶೇಂಗಾ ಬಿತ್ತುವುದಿದೆ ಎಂದ. ಪಂದ್ಯ ಶನಿವಾರಕ್ಕಿತ್ತು.

ಸುದ್ದಿ ತಿಳಿದು ಜಯಶ್ರೀ ಓಡಿ ಬಂದಾಗ ಅವನು ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಮಾತಾಡಿದವಳು ಮಾದೇವಿ.

“ದೇವಸ್ಥಾನದ ಲಿಲಾವಲ್ಲಿ ಕೊಳೆತ ಸೌತೆಕಾಯಿಗೂ ಒಬ್ಬ ಕೂಗ್ತ. ನಮ್ಮನೆಯವ್ರಿಗೆ ಒಬ್ಬನೂ ಇಲ್ಲ. ನಾ ಇಷ್ಟು ವರ್ಷ ಎಂತ ನಂಬ್ಕಂಡು ಕೂತದ್ದೋ.”

ಬಾಧ್ಯಸ್ಥರನ್ನು, ಅಂದರೆ ಸ್ಟೇಕ್‌ಹೋಲ್ಡರುಗಳನ್ನು, ವಿಶ್ವಾಸಕ್ಕೆ ತೆಗೆದುಕೊಳ್ಳುವ ಬಗೆ ಜಯಶ್ರೀಯ ಪಠ್ಯದಲ್ಲಿ ಒಂದಿಡೀ ಅಧ್ಯಾಯವಾಗಿತ್ತು. ಬಾಧ್ಯಸ್ಥ ಗೋಡೆಗೆ ಮುಖ ಮಾಡಿ ಕುಳಿತರೆ ಏನು ಮಾಡಬೇಕೆಂದು ಅದು ಹೇಳಿರಲಿಲ್ಲ. ಅವಳು ನೇರ ದಿವಾಕರನಲ್ಲಿಗೆ ಹೋದಳು. ಸ್ವಂತ ಮಾವನನ್ನು ಕೈಬಿಟ್ಟದ್ದೇಕೆ ಎಂದು ಕೇಳಿದಾಗ ಅವನಿಗೆ ನಿಜಕ್ಕೂ ನೋವಾಯಿತು.

“ಮಾವನ್ನ ಲಿಲಾವಲ್ಲಿ ಕೂಗೂಕಾಗ್ತದ್ಯಾ ತಂಗಿ? ಐವತ್ತು ಅಂದ್ರೆ ಹೆಣ್ಣು ಕೊಟ್ಟ ಮಾವನ ಬೆಲೆ ಇಷ್ಟೇಯಾ ಅಂತ್ರು. ಬಾಯಿ ಮುಚ್ಕಂಡು ಕೂತದ್ದು ಮರ್ಯಾದೆಗೆ.”

ಉದಯನ ಮರ್ಯಾದೆ ಇನ್ನೂ ಸೂಕ್ಷ್ಮದ್ದು. ಅಣ್ಣನಿಗೆ ದರ ಕಟ್ಟಲು ತಾನು ಯಾರು ಎಂಬುದು ಒಂದು. ಅಳಿಯ ಎದುರಿಗೇ ಇರುವಾಗ ತಾನು ಮುಂದೆ ಬಿದ್ದು ಕೂಗಿದರೆ ಅಳಿಯನಿಗೆ ಅವಮಾನ ಎಂಬುದು ಇನ್ನೊಂದು. ಹೀಗೆ ಎಲ್ಲರೂ ಸೇರಿ ಜಟ್ಟಿಯನ್ನು ಗೌರವದಿಂದಲೇ ಮುಳುಗಿಸಿದ್ದರು.

ಮಂಗಳವಾರ ಸಂಜೆ ಜಟ್ಟಿ ಒಬ್ಬನಿಗಾಗಿ ಮರುಹರಾಜು ಕರೆಯಲಾಯಿತು. ಮಾಲಕರಲ್ಲಿ ಉಳಿದಿದ್ದ ಪಾಯಿಂಟು ಅಷ್ಟಕ್ಕಷ್ಟೆ. ಬೇಕಿದ್ದರೆ ಕೊಂಡ ಆಟಗಾರರನ್ನು ಬಿಟ್ಟುಕೊಟ್ಟು ಅವರ ಪಾಯಿಂಟು ಮರಳಿ ಪಡೆಯಬಹುದು ಎಂದು ಜಯಶ್ರೀ ಪುಸ್ತಕದಿಂದ ಒಂದು ನಿಯಮ ಹುಡುಕಿ ತಂದಳು. ಯಾರೋ ಒಬ್ಬರು ಒಂದು ಸಲ ಕೂಗುತ್ತಾರೆ, ಕೊಡತಿ ಬೀಳುತ್ತದೆ, ಗದ್ದೆ ಉಳಿಯುತ್ತದೆ ಎಂಬುದು ಅವಳ ಎಣಿಕೆ. ಜಟ್ಟಿ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಂದು, ಲಿಲಾವಾಗುತ್ತಿರುವುದು ಬೇರೆ ಯಾರೋ ಎಂಬಂತೆ ಮುಂದಿನ ಬೆಂಚಿನಲ್ಲಿ ಕುಳಿತ.

ದಿವಾಕರ ಗಂಟಲು ಸರಿಮಾಡಿಕೊಂಡು ಐವತ್ತು ಎಂದ. ಜಯಶ್ರೀ ಕೊಡತಿ ಎತ್ತಿದಳು. ಅಷ್ಟರಲ್ಲಿ ಉದಯ ಎದ್ದು ನಿಂತಿದ್ದ. ಅಣ್ಣ ಐವತ್ತಕ್ಕೆ ಹೋಗುವುದನ್ನು ಕೂತು ನೋಡುವ ತಮ್ಮ ತಾನಲ್ಲ, ನೂರು. ಚಿಕ್ಕಮಾವ ನೂರು ಹೇಳಿದ ಮೇಲೆ ಅಳಿಯ ನಿಲ್ಲಿಸಿದರೆ ಹೇಗೆ? ಇನ್ನೂರು. ಮುಂದೆ ಪಾಯಿಂಟು ಸಾಲದೆ ದಿವಾಕರ ತನ್ನ ವಿಕೆಟ್‌ ಕೀಪರನನ್ನು ಬಿಟ್ಟುಕೊಟ್ಟ. ಉದಯ ಆರಂಭಿಕ ಬ್ಯಾಟರನನ್ನು ಬಿಟ್ಟ. ದಿವಾಕರ ಭಟ್ಕಳದ ಅತಿ ವೇಗದ ಬೌಲರನನ್ನು ಬಿಟ್ಟ. ಬಿಟ್ಟವರನ್ನೆಲ್ಲ ಅನೂಪ, ಗಾಳಿಗೆ ಬಿದ್ದ ಮಾವಿನಕಾಯಿ ಹೆಕ್ಕುವವನಂತೆ, ಸದ್ದಿಲ್ಲದೆ ತಳದ ದರಕ್ಕೆ ಹೆಕ್ಕಿಕೊಂಡ. ಜಯಶ್ರೀ ಪ್ರತಿ ಸಲ ಕೊಡತಿ ಎತ್ತಿದಾಗಲೂ ಇಬ್ಬರಲ್ಲಿ ಒಬ್ಬ ತಡಿ ಎನ್ನುತ್ತಿದ್ದ. ನಿಲ್ಲಿಸಿದವನೇ ಅಗೌರವ ಮಾಡಿದವನು ಎಂದಾಗಿತ್ತು. ಜಟ್ಟಿಯ ಬೆನ್ನು ಮಾತ್ರ ಪ್ರತಿ ಕೂಗಿಗೂ ಒಂದಿಷ್ಟು ನೆಟ್ಟಗಾಗುತ್ತ ಹೋಯಿತು.

ಇದಕ್ಕೆ ತೆರೆ ಎಳೆದವಳು ಹಿಂದಿನ ಬೆಂಚಿನಲ್ಲಿದ್ದ ಮಾದೇವಿ.

“ಉದಯಾ, ಸಾಕು ಮಾಡು. ನಮ್ಮ ರೂಪಾ ಆ ಮನೇಲಿ ಬದ್ಕೂದು ಬೇಡ್ದಾ?”

ಉದಯ ಕುಳಿತ. ಕೊಡತಿ ಬಿತ್ತು. ಲೀಗಿನ ಅತಿ ದುಬಾರಿ ಆಟಗಾರನಾಗಿ ಜಟ್ಟಿ ಭಟ್ಕಳ ತಂಡಕ್ಕೆ ಸೇರಿದ. ಅಲ್ಲಿ ಈಗ ಅವನಲ್ಲದೆ ಉಳಿದವರು ದಿವಾಕರ, ಹೋಟೆಲಿನ ಕೆಲವು ಸಪ್ಲಾಯರುಗಳು, ಮತ್ತು ಜೀಪಿನವನು. ಟಿಲ್ಲರಿನವನಿಗೆ ಬೇಡವೆಂದು ಫೋನು ಹೋಯಿತು.

ಶನಿವಾರ ಬೆಳಿಗ್ಗೆ ಪರೀಕ್ಷಕರು ಕುಮಟಾದಲ್ಲಿ ರೈಲಿಳಿದು ಬಂದರು. ಅವರಿಗೆ ಏನೂ ಹಿಡಿಸಲಿಲ್ಲ. ಬೌಂಡರಿಯ ಹಗ್ಗ ದನ ಕಟ್ಟುವುದೆಂದು ಗುರುತಿಸಿದರು. ಅಂಬ್ಯುಲೆನ್ಸ್‌ ಎಲ್ಲಿ ಎಂದಾಗ ಜಯಶ್ರೀ ತೋರಿಸಿದ ಉದಯನ ಗೂಡ್ಸ್‌ ರಿಕ್ಷಾದಲ್ಲಿ ಇನ್ನೂ ಮೀನಿನ ಬುಟ್ಟಿಗಳಿದ್ದವು. ಕ್ರೀಡಾಭಿಮಾನಿಗಳ ಅನುಭವಕ್ಕೆ ಏನು ವ್ಯವಸ್ಥೆ ಎಂದು ಕೇಳಿದರು. ಅವಳು ಪಾನಕದ ಕೊಡ ತೋರಿಸಿದಳು. ಅವರ ಪೆನ್ನು ಜೇಬಿನಿಂದ ಹೊರಗೆ ಬರಲೇ ಇಲ್ಲ.

ಮೊದಲ ಪಂದ್ಯ ಭಟ್ಕಳಕ್ಕೂ ಹೊನ್ನಾವರಕ್ಕೂ. ಅನೂಪನ ತಂಡದಲ್ಲಿ ಮೂರು ತಾಲೂಕಿನ ಪ್ರತಿಭೆಯೆಲ್ಲ ಇತ್ತು. ಆದರೂ ಸಪ್ಲಾಯರುಗಳು, ತಟ್ಟೆ ಹಿಡಿದು ಅಭ್ಯಾಸವಿದ್ದುದರಿಂದಲೋ ಏನೋ, ಒಂದು ಕ್ಯಾಚನ್ನೂ ಬಿಡಲಿಲ್ಲ. ಜೀಪಿನವನು ಕಣ್ಣು ಮುಚ್ಚಿ ಬೀಸಿದ್ದೆಲ್ಲ ರಸ್ತೆ ದಾಟಿತು. ಕೊನೆಯ ಓವರಿಗೆ ಬಂದಾಗ ಭಟ್ಕಳಕ್ಕೆ ನಾಲ್ಕು ರನ್ನು ಬೇಕಿತ್ತು, ಒಂಬತ್ತು ವಿಕೆಟ್‌ ಬಿದ್ದಿತ್ತು. ಉಳಿದವನು ಜಟ್ಟಿ ಒಬ್ಬನೇ. ಅವನು ಕೀಪಿಂಗಿಗೂ ಇಳಿಯದೆ ಬೆಳಿಗ್ಗೆಯಿಂದ ಕೊಡೆಯ ನೆರಳಿನಲ್ಲಿ, ಮನೆಯಿಂದ ತರಿಸಿದ ಕುರ್ಚಿಯಲ್ಲಿ ಕುಳಿತಿದ್ದ. ಏಳಲಿಲ್ಲ.

“ಮಾವ, ಬ್ಯಾಟ್‌ ಹಿಡ್ಕಂಡು ನಿಂತ್ರೆ ಸಾಕು,” ಎಂದ ದಿವಾಕರ. “ಓಡೂದೂ ಬೇಡ.”

“ಔಟಾದ್ರೆ?”

“ಆದ್ರೆ ಆತು.”

“ಹಂಗಲ್ಲ ಮಾರಾಯಾ. ನೀನು ಇದ್ದಬದ್ದದ್ದೆಲ್ಲ ಹಾಕಿ ನನ್ನ ತಕಂಡವ. ಒಂದೇ ಬಾಲಿಗೆ ನಾ ಬೌಲ್ಡಾದ್ರೆ ಊರವ್ರು ನಂಗೆಂತ ಹೇಳೂದಿಲ್ಲ, ನಿನ್ನ ಬುದ್ಧಿಗೆ ನಗ್ತ್ರು. ಅಳಿಯನ ಮರ್ಯಾದೆ ತೆಗೂಕೆ ನನ್ನಿಂದಾಗೂದಿಲ್ಲ.”

ದಿವಾಕರ ಬಗ್ಗಿ ಅವನ ಕಾಲು ಮುಟ್ಟಿದ. ಜಟ್ಟಿ ಆಶೀರ್ವಾದ ಮಾಡಿದ. ಅಂಪೈರು ಎರಡು ಸಲ ಗಡಿಯಾರ ನೋಡಿ ಬೇಲ್ಸ್‌ ತೆಗೆದ. ಭಟ್ಕಳ ಸೋತಿತು.

ಪರೀಕ್ಷಕರು ಕೊಡೆಯ ಕಡೆ ಬೆರಳು ಮಾಡಿ ಅವರು ಯಾರು ಎಂದು ಕೇಳಿದರು. ಲೀಗಿನ ಅತಿ ದುಬಾರಿ ಆಟಗಾರರು ಎಂದಳು ಜಯಶ್ರೀ. ಮತ್ತೆ ಆಡಲಿಲ್ಲವೇಕೆ? ನಿಜ ಹೇಳೋಣವೆನಿಸಿತು. ಆದರೆ ಮಾವ, ಅಳಿಯ, ಚಿಕ್ಕಮಾವ, ಶೇಂಗಾ ಎಲ್ಲವನ್ನೂ ಬಿಡಿಸಿ ಹೇಳುವಷ್ಟರಲ್ಲಿ ಒಂದು ವರ್ಷ ಹೋಗುವುದು ಖಚಿತವಿತ್ತು.

“ಅವ್ರ ಮೇಲೆ ತಂಡ ಹಾಕಿದ್ದು ಬಹಳ ಸರ್‌. ಆಡಿಸಿ ಅಪಾಯ ತಂದ್ಕೊಳ್ಳೋದು ಬೇಡ ಅಂತ ವಿಶ್ರಾಂತಿಯಲ್ಲಿಟ್ಟಿದ್ದಾರೆ.”

ಪರೀಕ್ಷಕರ ಮುಖ ಆ ದಿನ ಮೊದಲ ಬಾರಿಗೆ ಅರಳಿತು. ಗೆಲ್ಲುವ ಪಂದ್ಯವನ್ನು ಕೈಬಿಟ್ಟಾದರೂ ಆಟಗಾರನನ್ನು ಕಾಪಾಡುವ ಇಂಥ ವೃತ್ತಿಪರತೆಯನ್ನು ತಾವು ದೊಡ್ಡ ದೊಡ್ಡ ಲೀಗುಗಳಲ್ಲಿ ಮಾತ್ರ ಕಂಡದ್ದು ಎಂದರು. ಪೆನ್ನು ಹೊರಗೆ ಬಂತು. ನೂರಕ್ಕೆ ತೊಂಬತ್ತೊಂದು ಬರೆದು ಸಹಿ ಹಾಕಿ, ಗದ್ದೆ ದಾಟಿ ಹೋಗಿ ಜಟ್ಟಿಯ ಕೈಕುಲುಕಿ, ನಾಳೆಯೂ ಚೆನ್ನಾಗಿ ರೆಸ್ಟ್‌ ಮಾಡಿ ಎಂದರು. ಜಟ್ಟಿ ಕುಳಿತೇ ಕೈ ಕೊಟ್ಟ.

ಅವರು ಹೋದ ಮೇಲೆ ಅವನು ಜಯಶ್ರೀಯನ್ನು ಕರೆದು, ಅಂಕ ಬಂತಾ ಎಂದು ವಿಚಾರಿಸಿಕೊಂಡ. ಬಂತು ಎಂದಳು. ಅವನಿಗೆ ಸಂತೋಷವಾಯಿತು. ಸೊಂಟ ಹಿಡಿದುಕೊಂಡು ನಿಧಾನವಾಗಿ ಕುರ್ಚಿಯಿಂದ ಎದ್ದು, ಕೊಡೆ ಮಡಚಿದ.

“ಬೆಳಿಗ್ಗೆಯಿಂದ ಕೂತು ಕೂತು ಸಾಕಾಗಿ ಹೋತು ತಂಗಿ. ನಾಳೆನೂ ರೆಸ್ಟ್‌ ಮಾಡೂಕೆ ಬರ್ಬೇಕಾ, ಒಂದು ದಿನ ರಜೆ ಕೊಡ್ತ್ಯಾ?”