ನಾಲ್ಕು ಬೆರಳು

ಕನಕರಾಯ ಎಸೆಯುವವನು, ಮೀರಾಹುಸೇನ ಹಿಡಿಯುವವನು. ಕೋಳಿ ಸಾಕಣೆ ಕಲಿಸಲೆಂದು ಅರವತ್ತರ ದಶಕದಲ್ಲಿ ರಾಯಚೂರಿಗೆ ಬಂದಿದ್ದ ಅಮೆರಿಕದ ತರುಣನೊಬ್ಬ ಇಬ್ಬರಿಗೂ ಬೇಸ್‌ಬಾಲ್ ಹುಚ್ಚು ಹಿಡಿಸಿ ಹೋಗಿದ್ದ. ಕೋಳಿಯನ್ನಂತೂ ಇಬ್ಬರೂ ಸಾಕಲಿಲ್ಲ. ಅವರ ಊರು ಮಾನ್ವಿಯ ಜನಕ್ಕೆ ಆ ಆಟ ಕೆಟ್ಟುಹೋದ ಕ್ರಿಕೆಟ್ಟಿನಂತೆ ಕಾಣುತ್ತಿತ್ತು.

ಹಿಡಿಯುವವನು ಕುಕ್ಕರಗಾಲಲ್ಲಿ ಕೂತು, ಯಾವ ಚೆಂಡು ಬೇಕೆಂದು ಬೆರಳಲ್ಲಿ ತೋರಿಸಬೇಕು. ಒಂದು ಬೆರಳೆಂದರೆ ನೇರ, ಎರಡೆಂದರೆ ತಿರುವು. ನಾಲ್ಕೆಂದರೆ, ಇವನೆದುರು ಆಡಿದರೆ ಸೋಲುತ್ತೀ, ಬ್ಯಾಟಿಗೆ ಎಟುಕದಂತೆ ಹೊರಗೆಸೆದು ಎದುರಾಳಿಗೆ ದಾರಿ ಬಿಡು. ನಾಲ್ಕು ಬೆರಳು ಕಂಡರೆ ಕನಕರಾಯನ ಮೈ ಉರಿಯುತ್ತಿತ್ತು. ಆದರೂ ಹಾಗೇ ಎಸೆಯುತ್ತಿದ್ದ.

ಎಪ್ಪತ್ತರ ದಶಕದಲ್ಲಿ ಅವನು ತಾಲ್ಲೂಕು ಬೋರ್ಡಿನ ಅಧ್ಯಕ್ಷನಾದ. ಜುಬ್ಬಾದ ಜೇಬಿನಲ್ಲಿ ಆ ಹಳೇ ಚೆಂಡು ಇದ್ದೇ ಇರುತ್ತಿತ್ತು. ಸಭೆಗಳಲ್ಲಿ ಮೀರಾಹುಸೇನ ಮುಂದಿನ ಸಾಲಿನಲ್ಲಿ ಕೂತು ಮೊಣಕಾಲ ಮೇಲೆ ಬೆರಳಿಡುತ್ತಿದ್ದ. ಒಂದೆಂದರೆ ನೇರ ಬೈಯಿ, ಎರಡೆಂದರೆ ಮಾತು ತಿರುಗಿಸು. ದೇವದುರ್ಗದಲ್ಲಿ ಒಮ್ಮೆ ಬೆರಳು ಮೀರಿ ಮಾತಾಡಿ ಕಲ್ಲೇಟು ತಿಂದ ಮೇಲೆ ಕನಕರಾಯ ಮತ್ತೆಂದೂ ಮೀರಲಿಲ್ಲ.

ಎಂಬತ್ತಾರನೇ ಇಸವಿಯಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದಿತೇ ಹೊರತು ಬಾಯಿ ಬೀಳಲಿಲ್ಲ. ಜಿಲ್ಲಾ ಪರಿಷತ್ತಿಗೆ ನಿಂತೇ ತೀರುವೆನೆಂದು ಹಟ ಹಿಡಿದ. ಗೆಲ್ಲುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಓಡಾಡಿ ಇನ್ನೊಮ್ಮೆ ಹೊಡೆದರೆ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು.

ಪಕ್ಕದ ನೀರಮಾನ್ವಿಯ ಸಭೆಯ ದಿನ ಕನಕರಾಯನ ಹೆಂಡತಿ ಜಂಬಮ್ಮ ಮೀರಾಹುಸೇನನನ್ನು ಬದಿಗೆ ಕರೆದಳು.

"ನನ್ನ ಮಾತು ಕೇಳಂಗಿಲ್ಲ ಅವ್ರು. ನಿನ್ನ ಬೆರಳು ಕೇಳ್ತಾರ, ಅಣ್ಣಾ."

ವೇದಿಕೆಯಲ್ಲಿ ಕನಕರಾಯ "ಈ ಸಲನೂ ನಾನು" ಎಂದು ಶುರುಮಾಡಿ, ರೂಢಿಯಂತೆ ಕೆಳಗೆ ನೋಡಿದ. ಮೊಣಕಾಲ ಮೇಲೆ ನಾಲ್ಕು ಬೆರಳಿದ್ದವು.

"ಈ ಸಲ ನಾ ನಿಲ್ಲಂಗಿಲ್ರಿ" ಎಂದು ಕೂತುಬಿಟ್ಟ.

ಜನ ಗದ್ದಲ ಎಬ್ಬಿಸಿದರು. ಮೀರಾಹುಸೇನನಿಗೆ ದುಃಖವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಬೆರಳು ಮಡಚುವುದನ್ನೂ ಮರೆತು ಕೂತಿದ್ದ.

ಮಾನ್ವಿಗೆ ಮರಳುವಾಗ ಜೀಪಿನಲ್ಲಿ ಕನಕರಾಯ ಕೇಳಿದ.

"ಮೀರಾ, ಅದು ನಿನ್ನ ಬೆರಳೇನಲೇ?"

"ನಂದ ರೀ."

"ಹಂಗಾರ ಸೋಲ್ತಿದ್ನೇನು ನಾ?"

"ಹೂಂ ರೀ. ಸೋಲ್ತಿದ್ರಿ."

ಕನಕರಾಯ ಎಡಗೈಯಿಂದ ತಡಕಾಡಿ ಜೇಬಿನ ಚೆಂಡು ತೆಗೆದು ಅವನ ತೊಡೆಯ ಮೇಲೆ ಹಾಕಿದ. ಇಪ್ಪತ್ತೈದು ವರ್ಷ ಆ ಚೆಂಡು ಹಿಡಿದವನಿಗೆ ಅಂದು ಕೈ ಮೇಲೇಳಲಿಲ್ಲ. ಅದು ಉರುಳಿ ಕಾಲಬುಡಕ್ಕೆ ಬಿತ್ತು. ಮಾನ್ವಿ ಬರುವವರೆಗೂ ಇಬ್ಬರೂ ಅದನ್ನು ಎತ್ತಲಿಲ್ಲ.