ಅತ್ತಿಮರದ ಬುಡದ ಉರುಳು

ಕುನಿಹಿರ ಒಂದು ಕಾಲಿಗೆ ಗಂಬೂಟು ತೊಟ್ಟು ಇನ್ನೊಂದಕ್ಕೆ ತಡಕಾಡುತ್ತಿದ್ದಾಗ ತಾಯಿ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ಹೊರಟೆ ಅಬ್ವೋಲಿ? ನಿಮ್ಮಪ್ಪ ಇನ್ನೂ ಒಳಗೇ ಮಲಗಿದ್ದಾನೆ."

ಅಬ್ವೋಲಿ ಅವಳ ಅಕ್ಕರೆಯ ಹೆಸರು. ನಮ್ಮ ಟೋರೊ ಸೀಮೆಯಲ್ಲಿ ಎಲ್ಲರಿಗೂ ಅಂಥದ್ದೊಂದು ಇರುತ್ತದೆ.

"ಕಾಡಿಗೆ ಹೋಗ್ಬರ್ತೀನಮ್ಮ. ಮಣ್ಣು ಮಾಡೋ ಹೊತ್ತಿಗೆ ಬಂದುಬಿಡ್ತೀನಿ."

"ಹೆಣ ಮನೇಲಿರೋವಾಗ ಗುಣಿ ತೋಡೋರು ಬಿಟ್ಟು ಊರಲ್ಲಿ ಯಾರೂ ಗುದ್ದಲಿ ಮುಟ್ಟಲ್ಲ. ಮಗಳಾಗಿ ನೀನು ಚಿಂಪಾಂಜಿ ಹಿಂದೆ ಓಡ್ತೀಯಾ? ನಾಲ್ಕು ಜನ ಏನಂತಾರೆ?"

ನಾಲ್ಕು ಜನರ ಚಿಂತೆ ಕುನಿಹಿರಳಿಗೆ ಇರಲಿಲ್ಲ. ಕಿಬಾಲೆ ಕಾಡಿನಲ್ಲಿ ಅತ್ತಿ ಹಣ್ಣಾಗಿತ್ತು. ಚಿಂಪಾಂಜಿಗಳು ನಿನ್ನೆ ತೊರೆಯಾಚೆ ಗೂಡು ಕಟ್ಟಿ ಮಲಗಿವೆ, ಇವತ್ತು ದೊಡ್ಡ ಅತ್ತಿಮರಕ್ಕೆ ಬಂದೇ ಬರುತ್ತವೆ ಎಂದು ಅವಳ ಜೊತೆ ಕೆಲಸ ಮಾಡುವ ಗೈಡುಗಳು ಹೇಳಿ ಹೋಗಿದ್ದರು. ಸಾಯುವ ಮುಂಚೆ ಅಪ್ಪ ಕಟುರಾಮು ಹೇಳಿದ್ದೂ ಆ ಮರದ ಮಾತನ್ನೇ: "ಅಲ್ಲಿ ಒಂದು ಉರುಳು ಉಳಿದಿದೆ. ನೀನಾದ್ರೂ ಹುಡುಕು."

ತಾಯಿ ಜಗ್ಗಲಿಲ್ಲ. ಕುನಿಹಿರ ಅಂಗಳದ ಚಾಪೆಯ ಮೇಲೆ ಕೂತಳು. ಕಾಲು ಮಾತ್ರ ಅಲುಗುತ್ತಲೇ ಇತ್ತು.

"ಅಪ್ಪನ ಕಾಲೇ ನಿಂದೂ," ಎಂದ ಪಕ್ಕದ ಮನೆಯ ಕಿಸೆಂಬೊ, ಅಪ್ಪನ ಹಳೆಯ ಗೆಳೆಯ. "ಸ್ವರ್ಗದ ಬಾಗಿಲಲ್ಲೂ ಅವನು ನಿಂತಲ್ಲಿ ನಿಲ್ಲಲ್ಲ. ಒಳಗೆ ಕರೆಯೋದ್ರಲ್ಲಿ ಪೊದೆ ಕಡೆ ಹೋಗಿರ್ತಾನೆ."

ಹೆಂಗಸರು ಅಳುತ್ತಲೇ ನಕ್ಕರು.

*

ಹರೆಯದಲ್ಲಿ ಕಟುರಾಮು, ಕಿಸೆಂಬೊ ಇಬ್ಬರೂ ಸೇರಿ ಜಿಂಕೆಗೆಂದು ತಂತಿಯ ಉರುಳು ಒಡ್ಡುತ್ತಿದ್ದರು. ಒಂದು ಬೆಳಿಗ್ಗೆ ಕಟುರಾಮುವಿನ ಉರುಳಿಗೆ ಸಿಕ್ಕಿದ್ದು ತಾಯಿ ಚಿಂಪಾಂಜಿಯ ಕೈ. ಎದೆಗೆ ಮರಿ ಅಂಟಿಕೊಂಡಿತ್ತು. ಅದು ಕಿರುಚಿ ಎಳೆದಾಡಿ, ಕಡೆಗೆ ತಂತಿಯ ಸಮೇತ ಓಡಿತು. ಮುಂದೆ ಆ ಕೈ ಕೊಳೆತು ಬಿತ್ತು.

ಕಟುರಾಮುವಿಗೆ ಊಟ ಸೇರದಾಯಿತು. ಇದ್ದಬದ್ದ ಉರುಳನ್ನೆಲ್ಲ ಕಿತ್ತು ತಂದು ಅರಣ್ಯ ಕಚೇರಿಯ ಮುಂದೆ ಸುರಿದ. ಅವರು ಮೊದಲು ಬೈದರು, ಆಮೇಲೆ ಚಿಂಪಾಂಜಿಗಳ ಜಾಡು ಹಿಡಿಯುವ ಕೆಲಸಕ್ಕೆ ಅವನನ್ನೇ ಇಟ್ಟುಕೊಂಡರು. ಅತ್ತಿಮರದ ಬುಡದ್ದೊಂದು ಮಾತ್ರ ಸಿಕ್ಕಿರಲಿಲ್ಲ.

ಇಪ್ಪತ್ತಾರು ವರ್ಷ ಅವನು ಬೆಳಿಗ್ಗೆ ಪ್ರವಾಸಿಗಳಿಗೆ ಚಿಂಪಾಂಜಿ ತೋರಿಸಿದ, ಸಂಜೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಮರದ ಸುತ್ತ ತರಗೆಲೆ ಕೆದಕಿದ. ಮಗಳು ಹುಟ್ಟಿದ ಹೊತ್ತಿನಲ್ಲೂ ಅಲ್ಲೇ ಇದ್ದ. ಹುಚ್ಚು ಎಂದರು ಜನ. ಹುಚ್ಚೇ ಇರಬೇಕು, ಆದರೆ ಅಂಥ ಹುಚ್ಚು ಎಲ್ಲರಿಗೂ ಹಿಡಿಯುವುದಿಲ್ಲ.

*

ಮಧ್ಯಾಹ್ನ ಹೆಣಕ್ಕೆ ನಾರುಮಡಿ ಸುತ್ತಿದರು. ಕುನಿಹಿರ ಮಚ್ಚು ಹಿಡಿದು ಎದ್ದಳು, ಕಿಸೆಂಬೊನನ್ನು ಅವನ ಅಕ್ಕರೆಯ ಹೆಸರಿನಿಂದ ಕರೆದಳು.

"ಅಮೋಟಿ ಮಾವ, ಅಮ್ಮನಿಗೆ ನೀವೇ ಹೇಳಿ. ಅದು ಸಿಗದೆ ಅಪ್ಪನ ಮೇಲೆ ಮಣ್ಣು ಹಾಕೋಕೆ ನನ್ನ ಕೈಲಾಗಲ್ಲ."

ಕಿಸೆಂಬೊ ಎದ್ದು ಅಡ್ಡ ಬಂದ. "ಹೋಗ್ಬೇಡ. ಅದು ಅಲ್ಲಿಲ್ಲ."

"ನಿಮಗೆ ಹೇಗೆ ಗೊತ್ತು?"

ಅವನು ಅವಳನ್ನು ತನ್ನ ಹಿತ್ತಲಿಗೆ ಕರೆದೊಯ್ದ. ಮೇಕೆಯ ದೊಡ್ಡಿಯ ಬಾಗಿಲನ್ನು ತುಕ್ಕು ಹಿಡಿದ ತಂತಿ ಬಿಗಿದಿತ್ತು. ತುದಿಯಲ್ಲಿ ಉರುಳಿನ ಜೀರುಗಂಟು ಹಾಗೇ ಇತ್ತು.

"ಅವನು ಕಿತ್ತು ತರೋ ಮುಂಚೇನೇ ಬಾಗಿಲಿಗೆ ಬೇಕು ಅಂತ ನಾನು ತಂದಿದ್ದೆ. ಅವನಿಗೆ ಕೆಲಸ ಸಿಕ್ತು, ನನಗೆ ಸಿಗಲಿಲ್ಲ. ಹೊಟ್ಟೆಕಿಚ್ಚು ಕಣಮ್ಮ. ಸ್ವಲ್ಪ ದಿನ ಹುಡುಕಲಿ ಅಂದ್ಕೊಂಡೆ. ವಾರ ಹೋಯ್ತು, ವರ್ಷ ಹೋಯ್ತು. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ?"

"ಪ್ರತಿ ಭಾನುವಾರ ಅಪ್ಪ ಇಲ್ಲೇ ನಿಮ್ಮ ಜೊತೆ ಕುಡಿಯೋಕೆ ಕೂರ್ತಿದ್ದ."

"ಈ ಬಾಗಿಲಿಗೇ ಒರಗಿ ಕೂರ್ತಿದ್ದ."

"ಕಿಸೆಂಬೊ," ಎಂದಳು.

ಹಿರಿಯರನ್ನು ಅಕ್ಕರೆಯ ಹೆಸರು ಬಿಟ್ಟು ಕರೆಯುವುದು ನಮ್ಮಲ್ಲಿ ಕೆನ್ನೆಗೆ ಹೊಡೆದದ್ದಕ್ಕಿಂತ ಹೆಚ್ಚು. ಅವನು ತಲೆ ತಗ್ಗಿಸಿದ. ಬಾಗಿಲಿನ ತಂತಿ ಬಿಚ್ಚಿದ.

"ಗುಣಿಗೆ, ಅವನ ಜೊತೆಗೇ ಹಾಕಿಬಿಡ್ತೀನಿ."

"ಬೇಡ. ಸತ್ತ ಮೇಲಾದ್ರೂ ಅವನನ್ನ ಬಿಟ್ಟುಬಿಡು."

ತಂತಿಯನ್ನು ಕಿತ್ತುಕೊಂಡು ಅವಳು ನಡೆದಳು. ಬಾಳೆತೋಟದಲ್ಲಿ ಹೆಣ ಇಳಿಸಿದರು. ಎಡಗೈಯಲ್ಲಿ ತಂತಿ ಹಿಡಿದೇ ಬಲಗೈಯಿಂದ ಮಣ್ಣು ಹಾಕಿದಳು. ಅಷ್ಟರಲ್ಲಿ ಕಟ್ಟಿಲ್ಲದ ಬಾಗಿಲು ತಳ್ಳಿಕೊಂಡು ಕಿಸೆಂಬೊನ ಮೇಕೆಗಳು ಒಂದೊಂದಾಗಿ ಬಂದವು. ಜನರ ಕಾಲ ನಡುವೆ ನುಸುಳಿ, ಗುಣಿಯ ಅಂಚಿನಲ್ಲಿ ಹಾಸಿದ್ದ ಬಾಳೆ ಎಲೆಯನ್ನು ಮೇಯತೊಡಗಿದವು. ಎಲ್ಲರೂ ಕಿಸೆಂಬೊನ ಕಡೆ ನೋಡಿದರು. ಅವನು ಕೈ ಕಟ್ಟಿಕೊಂಡು ನಿಂತೇ ಇದ್ದ, ಓಡಿಸಲಿಲ್ಲ.