ನಾಲ್ಕು ಬೆರಳು ಬಿಟ್ಟು

೧

ಈ ಕಥೆಯನ್ನು ಯಾವ ಕತ್ತರಿಯಿಂದ ಶುರು ಮಾಡಬೇಕು ಎಂಬುದೇ ಮೊದಲ ತಲೆನೋವು. ಕಥೆಯಲ್ಲಿ ಎರಡು ಕತ್ತರಿಗಳಿವೆ. ಹಳೆಯದರಿಂದ ಶುರು ಮಾಡಿದರೆ ಮೇಲಿನ ಮನೆಯವಳಿಗೆ ಸಿಟ್ಟು, ಹೊಸದರಿಂದ ಶುರು ಮಾಡಿದರೆ ಕೆಳಗಿನ ಮನೆಯವಳಿಗೆ ಸಿಟ್ಟು. ನನಗೆ ಇಬ್ಬರ ಮೇಲೂ ಸಿಟ್ಟು. ಹಾಗಾಗಿ ಇದನ್ನು ಬರೆಯಲು ನನ್ನಷ್ಟು ಯೋಗ್ಯ ಈ ಬೀದಿಯಲ್ಲಿ ಇನ್ನೊಬ್ಬನಿಲ್ಲ.

(ಕಥೆಗೆ ಆದಿ, ಮಧ್ಯ, ಅಂತ್ಯ ಇರಬೇಕು ಎಂದು ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದರು. ನಾನು ಮಧ್ಯದಲ್ಲೇ ಶಾಲೆ ಬಿಟ್ಟೆ. ಅಂತ್ಯದ ಪಾಠ ನಡೆದ ದಿನ ನಾನಿರಲಿಲ್ಲ.)

೧, ಮತ್ತೆ

"ಎಳೆಬಿಸಿಲು ಕಿಟಕಿಯಿಂದಿಳಿದು ಹೊಲಿಗೆ ಮೆಷಿನ್ನಿನ ಮೇಲೆ ಚಿನ್ನ ಚೆಲ್ಲಿತ್ತು."

ಥೂ. ಚಿನ್ನ ಚೆಲ್ಲಿದ್ದರೆ ನಮ್ಮವರು ಗುಡಿಸಿ ಡಬ್ಬಿಗೆ ಹಾಕುತ್ತಿದ್ದರು. ಹರಿದು ಎಸೆದೆ.

೧, ಇದೇ ಕೊನೆ, ಆಣೆ

ಎರಡಂತಸ್ತಿನ ಮನೆ. ಕೆಳಗೆ, ಬೀದಿಗೆ ಬಾಗಿಲಿರುವ ಕೋಣೆಯಲ್ಲಿ, ತಂಗಿ ಬಟ್ಟೆ ಹೊಲಿಯುತ್ತಾಳೆ. ಒಂದು ಮೆಷಿನ್ನು, ಒಂದು ಇಸ್ತ್ರಿ ಮೇಜು, ಚೂರುಬಟ್ಟೆ ತುಂಬಿದ ಬುಟ್ಟಿ. ಮೇಲೆ ಅಕ್ಕ ಕಾಗದದಲ್ಲಿ ಉಡುಗೊರೆಗಳನ್ನು ಮಾಡುತ್ತಾಳೆ: ಕಾರ್ಡು, ಡಬ್ಬಿ, ಹೂವು, ಫೋಟೊ ಅಂಟಿಸುವ ಪುಸ್ತಕ. ನಡುವೆ ಹದಿನೇಳು ಮೆಟ್ಟಿಲು. ಇಬ್ಬರೂ ಮಾತು ಬಿಟ್ಟು ಆರು ವರ್ಷ.

(ಅಕ್ಕ ನನ್ನ ಅಮ್ಮ. ತಂಗಿ ನನ್ನ ಚಿಕ್ಕಮ್ಮ. ಕಥೆಯಲ್ಲಿ ಅಕ್ಕ, ತಂಗಿ ಎಂದೇ ಕರೆಯುತ್ತೇನೆ, ಇಲ್ಲದಿದ್ದರೆ ನಾನು ಪಕ್ಷಪಾತಿ ಎನ್ನುತ್ತೀರಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯೂ ನಮ್ಮ ಮನೆಯಲ್ಲಿ ಸುಳ್ಳು. ಎರಡೂ ಕಡೆ ಉಂಡು ಈ ಕೂಸು ಎಂಬತ್ತೆರಡು ಕಿಲೋ ಆಗಿದೆ. ಆದರೆ "ನಿಮ್ಮಮ್ಮನಿಗೆ ನಲ್ಲಿ ನಿಲ್ಲಿಸೋಕೆ ಹೇಳು", "ನಿನ್ನ ಚಿಕ್ಕಮ್ಮನಿಗೆ ರೇಡಿಯೋ ತಗ್ಗಿಸೋಕೆ ಹೇಳು" ಎಂದು ಆರು ವರ್ಷ ಹತ್ತಿ ಇಳಿದ ಮೊಣಕಾಲು ನನ್ನದು. ಸಿಟ್ಟು ಎಲ್ಲಿಂದ ಬಂತು ಎಂದು ಕೇಳಬೇಡಿ.)

೨

ಕಾರಣ ಹೇಳಿದರೆ ನಗುತ್ತೀರಿ. ಹೊಲಿಯುವವರಾದರೆ ನಗುವುದಿಲ್ಲ.

ಬಟ್ಟೆ ಕತ್ತರಿಯಿಂದ ಕಾಗದ ಕತ್ತರಿಸಬಾರದು. ಕಾಗದದ ರುಚಿ ಕಂಡ ಕತ್ತರಿಯ ಬಾಯಿ ಮೊಂಡಾಗುತ್ತದೆ. ಆಮೇಲೆ ರೇಷ್ಮೆ ಕೊಟ್ಟರೆ ಹಲ್ಲಿಲ್ಲದ ಮುದುಕನಂತೆ ಚೀಪುತ್ತದೆಯೇ ಹೊರತು ಕಚ್ಚುವುದಿಲ್ಲ. ತಂಗಿಯ ಹತ್ತಿಂಚಿನ ಕತ್ತರಿ ಅವಳಿಗೆ ಕೆಲಸ ಕಲಿಸಿದ ಮುದುಕ ದರ್ಜಿ ಕೈಯಾರೆ ಕೊಟ್ಟಿದ್ದು. ಅದಕ್ಕೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಹಸುಗೂಸಿನಂತೆ ಮಲಗಿಸುತ್ತಿದ್ದಳು. ಒಂದು ಮಧ್ಯಾಹ್ನ ತನ್ನ ಕತ್ತರಿಯ ತಿರುಪು ಬಿದ್ದುಹೋಯಿತೆಂದು ಅಕ್ಕ ಕೆಳಗಿಳಿದು ಬಂದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಎತ್ತಿಕೊಂಡು ಹೋದಳು. ಕತ್ತರಿಸಿದ್ದು ಬರೀ ಕಾಗದವಾಗಿದ್ದರೂ ಸೈ ಎನ್ನಬಹುದಿತ್ತು. ರಟ್ಟು. ಮಿಂಚಿನ ಪುಡಿ ಅಂಟಿಸಿದ ರಟ್ಟು. ನಲವತ್ತು ಡಬ್ಬಿ.

ತಂಗಿ ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಲಗಿನ ತುಂಬ ಮಿಂಚು.

"ಕತ್ತರಿ ಅಂದ್ಮೇಲೆ ಕತ್ತರಿಸೋಕೆ ತಾನೆ ಇರೋದು?" ಎಂದಳು ಅಕ್ಕ.

ಇದೊಂದು ಮಾತಿಗೆ ಆರು ವರ್ಷ. ತಂಗಿ ಕತ್ತರಿಯನ್ನು ಮೇಲಿನ ಹೊಸ್ತಿಲಲ್ಲಿ ಇಟ್ಟು ಇಳಿದವಳು ಮತ್ತೆ ಆ ಮೆಟ್ಟಿಲು ತುಳಿಯಲಿಲ್ಲ. ಹೊಸ ಕತ್ತರಿ ತಂದಳು. ಹಿಡಿಗೆ ಕೆಂಪು ದಾರ ಕಟ್ಟಿದಳು, ಮುಟ್ಟಿದರೆ ಜೋಕೆ ಎಂಬ ಹಾಗೆ.

೪

(ಮೂರನ್ನು ಹರಿದು ಹಾಕಿದೆ. ಅದರಲ್ಲಿ ಇಬ್ಬರ ಬಾಲ್ಯವಿತ್ತು, ಒಂದು ನದಿಯೂ ಹರಿಯುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ನದಿ ನೋಡಿಲ್ಲ.)

ಹೋದ ವಾರ ಪಕ್ಕದ ಮನೆಯಾಕೆ, ಬ್ಲೌಸು ಸಡಿಲ ಮಾಡಿಸಲು ಬಂದವಳು, ತನ್ನ ಮಗುವಿಗೆ ಅಕ್ಕ ಮಾಡಿಕೊಟ್ಟ ಕಾರ್ಡು ತೋರಿಸಿದಳು. ಅಂಚು ನೋಡಿ, ಇಲಿ ಕಚ್ಚಿದ ಹಾಗೆ ಎಷ್ಟು ಚೆಂದ ಡಿಸೈನ್ ಮಾಡಿದ್ದಾರೆ ಎಂದು ಹೊಗಳಿದಳು. ತಂಗಿ ಅಂಚಿನ ಮೇಲೆ ಹೆಬ್ಬೆರಳು ಎಳೆದಳು. ಡಿಸೈನೂ ಅಲ್ಲ, ಮಣ್ಣೂ ಅಲ್ಲ. ಆ ಕಡಿತ ಅವಳಿಗೆ ಗೊತ್ತು. ಅದು ತನ್ನ ಕತ್ತರಿಯ ಬಾಯಿ.

ಅಕ್ಕ ಹೊಸದೊಂದು ಕೊಳ್ಳಬಹುದಿತ್ತು. ಕೊಂಡಿಲ್ಲ. ಆ ಮೊಂಡು ಕತ್ತರಿಯಲ್ಲೇ ಆರು ವರ್ಷ ಹೂವು ಕತ್ತರಿಸಿದ್ದಾಳೆ. ಹಟಕ್ಕೋ, ತಪ್ಪೊಪ್ಪಿಗೆಗೋ? ಅದನ್ನು ಕೇಳಲು ಮಾತಿಲ್ಲವಲ್ಲ. ಅವತ್ತು ತಂಗಿ ಅರ್ಧ ಊಟಕ್ಕೇ ಎದ್ದಳು. (ಉಳಿದದ್ದನ್ನು ನಾನು ಉಂಡೆ.)

ನಾಳೆ ಅಕ್ಕನಿಗೆ ಅರವತ್ತು. ತಂಗಿ ಒಂದು ಕತ್ತರಿ ಚೀಲ ಹೊಲಿಯುತ್ತಿದ್ದಾಳೆ, ಆ ಹಳೇ ಕತ್ತರಿಯ ಅಳತೆಗೆ. ಅಳತೆ ಪಟ್ಟಿ ಬೇಕಾಗಲಿಲ್ಲ. ಬಟ್ಟೆ ಇಬ್ಬರ ತಾಯಿಯ ಅಡುಗೆಮನೆಯ ಪರದೆಯದು, ನೀಲಿ ದೋಣಿಗಳ ಚಿತ್ತಾರ. ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆಯ ಒಂದು ಸುಟ್ಟ ಗುರುತು, ಅಕ್ಕ ಎಂಟು ವರ್ಷದವಳಿದ್ದಾಗ ಮಾಡಿದ್ದು. ಅಕ್ಕ ಚೀಲ ಇಟ್ಟುಕೊಂಡರೆ ತಂಗಿ ಮೆಟ್ಟಿಲು ಹತ್ತುತ್ತಾಳೆ. ನನ್ನ ಕೈಯಲ್ಲಿ ವಾಪಸು ಕಳಿಸಿದರೆ ಇನ್ನು ಈ ಜನ್ಮಕ್ಕೆ ಸಾಕು.

ಇಂಥ ಚೀಲವನ್ನು ಒಳಹೊರಗು ಮಾಡಿ ಹೊಲಿಯುತ್ತಾರೆ. ಕೊನೆಯಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು, ಆ ಕಿಂಡಿಯಿಂದ ಇಡೀ ಚೀಲವನ್ನು ಕರು ಎಳೆದಂತೆ ಹೊರಗೆ ಎಳೆಯಬೇಕು. ಆಗ ಚಿತ್ತಾರ ಮೇಲೆ ಬರುತ್ತದೆ, ದಾರದ ಗಂಟೆಲ್ಲ ಒಳಗೆ ಹೋಗುತ್ತದೆ, ಕಿಂಡಿಯೇ ಚೀಲದ ಬಾಯಾಗುತ್ತದೆ.

೫

ನಾನು ಇಸ್ತ್ರಿ ಮೇಜಿನ ಮೇಲೆ ಕೂತು ಇಷ್ಟು ಬರೆಯುವಷ್ಟರಲ್ಲಿ ತಂಗಿ ಹೆಗಲ ಮೇಲಿಂದ ಬಗ್ಗಿ ಓದಿದಳು. ಮೊದಲ ತಕರಾರು: ನಾನು ಸೊಂಟಕ್ಕೆ ಕೈಯಿಟ್ಟು ಮಾತಾಡ್ತೀನಿ ಅಂತ ಎಲ್ಲೋ ಬರೆದಿದ್ದೀಯಲ್ಲ.

ಅದು ಹರಿದು ಹಾಕಿದ ಮೂರರಲ್ಲಿತ್ತು, ಎಂದೆ. ಬುಟ್ಟಿಯಿಂದ ಹೆಕ್ಕಿ ಓದಿದ್ದಾಳೆ.

"ನಾನು ಯಾವತ್ತು ಇಟ್ಟಿದ್ದೆ ಕಣೋ?" ಎಂದಳು, ಸೊಂಟಕ್ಕೆ ಕೈಯಿಟ್ಟು.

ಕಥೆ ಹೇಗೆ ಮುಗಿಯುತ್ತದೆ ಎಂದು ಕೇಳಿದಳು. ಎರಡು ಅಂತ್ಯ ಯೋಚಿಸಿದ್ದೇನೆ ಎಂದೆ. ಅಂತ್ಯ ಒಂದು: ಚೀಲ ಕಂಡು ಅಕ್ಕ ತಂಗಿ ತಬ್ಬಿಕೊಂಡು ಅಳುತ್ತಾರೆ. ಅಳೋದಿದ್ರೆ ನೀನೇ ಅಳು, ಬಟ್ಟೆಗೆ ಕಲೆ ಬೀಳುತ್ತೆ ಎಂದಳು. ಅಂತ್ಯ ಎರಡು: ಚೀಲ ಮುಗಿಯುವ ಮೊದಲೇ ಅಕ್ಕ ತೀರಿಕೊಳ್ಳುತ್ತಾಳೆ.

"ನಿನ್ನ ನಾಲಿಗೆಗೆ ಬೆಂಕಿ ಹಾಕ. ಅವಳು ನಿನ್ನ ಹೆತ್ತವಳು ಕಣೋ." ಹಾಗೆಂದು ಮೆಷಿನ್ನಿಗೆ ಕೂತು ನನ್ನನ್ನು ಬೈಯುತ್ತಲೇ ತುಳಿದಳು. ಮೆಷಿನ್ನೂ ಬೈಯಿತು. ಬೈಗುಳ ಮುಗಿದಾಗ ಹೊಲಿಗೆಯೂ ಮುಗಿದಿತ್ತು. ನಾಲ್ಕೂ ಕಡೆ. ಕಿಂಡಿ ಇರಲಿಲ್ಲ.

ಮೂವತ್ತು ವರ್ಷ ಹೊಲಿದವಳು. ಕಲಿಯಲು ಬಂದವರು ಮೊದಲ ವಾರ ಮಾಡುವ ತಪ್ಪು. ದೋಣಿಗಳೆಲ್ಲ ಒಳಗೆ ಸಿಕ್ಕಿಬಿದ್ದವು. ಹೊಲಿಗೆ ಬಿಚ್ಚುವ ಕೊಕ್ಕೆ ಕೈಗೆಟಕುವಲ್ಲೇ ಇತ್ತು. ತಂಗಿ ಅದನ್ನು ಮುಟ್ಟಲಿಲ್ಲ. ಶಕುನವೇ ಸರಿಯಿಲ್ಲ ಎಂಬಂತೆ ಕೂತಳು.

೬

ಕಥೆಗಾರನಿಗೆ ಒಂದು ಅಧಿಕಾರವಿದೆ ಎಂದು ಕೇಳಿದ್ದೆ. ಬರೆದೆ: "ಅಷ್ಟರಲ್ಲಿ ಅಕ್ಕ ಕೆಳಗಿಳಿದು ಬಂದಳು."

ಬರಲಿಲ್ಲ.

ಇನ್ನೊಮ್ಮೆ, ಒತ್ತಿ ಬರೆದೆ. ಮೇಲೆ ಕುರ್ಚಿ ಕೂಡ ಅಲ್ಲಾಡಲಿಲ್ಲ. ನನ್ನ ಕಥೆಯಲ್ಲಿ ನನ್ನ ಮಾತಿಗೆ ಇರುವ ಬೆಲೆ ಇಷ್ಟು. ಕೊನೆಗೆ ಪೆನ್ನು ಬಿಸಾಡಿ ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದೆ:

"ಅಮ್ಮಾ, ಚಿಕ್ಕಮ್ಮ ಹೊಲಿಗೇಲಿ ತಪ್ಪು ಮಾಡಿದಾಳೆ."

ಹದಿನೇಳು ಮೆಟ್ಟಿಲನ್ನು ಅರವತ್ತು ತುಂಬಲಿರುವ ಹೆಂಗಸು ಒಂಬತ್ತು ಹೆಜ್ಜೆಯಲ್ಲಿ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಬೆರಳ ತುದಿಯಲ್ಲಿ ಗೋಂದು, ಕೈಯಲ್ಲಿ ಹಳೇ ಕತ್ತರಿ, ಕೆಲಸದ ನಡುವೆ ಎದ್ದು ಬಂದದ್ದು. ತಂಗಿ ತಲೆ ಎತ್ತಲಿಲ್ಲ. ಅಕ್ಕ ಚೀಲವನ್ನು ಎತ್ತಿ ತಿರುವಿದಳು. ಕಂಡದ್ದು ಬರೀ ಬಟ್ಟೆಯ ಹಿಂಬದಿ. ಆದರೆ ಸುಟ್ಟ ಗುರುತು ಎರಡೂ ಬದಿಗೆ ಕಾಣುತ್ತದೆ. ಅದರ ಮೇಲೆ ಬೆರಳಿಟ್ಟಳು. ಚೀಲದ ಉದ್ದಕ್ಕೆ ಕತ್ತರಿಯನ್ನು ಹಿಡಿದು ನೋಡಿದಳು. ಸರಿಹೊಂದಿತು.

"ನಾಲ್ಕು ಬೆರಳು ಬಿಡಬೇಕಿತ್ತು," ಎಂದಳು.

"ಗೊತ್ತು," ಎಂದಳು ತಂಗಿ.

ಆರು ವರ್ಷದ ಮೇಲೆ ಆಡಿದ ಮಾತು ಇದು. ನಾನಾದರೆ ಇದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದೆ.

ಅಕ್ಕ ಸ್ಟೂಲು ಎಳೆದು ಕೂತಳು. ಹಳೇ ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಎಬ್ಬಿಸಿ, ದಾರವನ್ನು ಹಲ್ಲಿನಿಂದ ಕಡಿದಳು. ಮೊಂಡಾಗಿರೋದಕ್ಕೆ ಬಟ್ಟೆಗೆ ಗಾಯ ಆಗಲ್ಲ ನೋಡು ಎಂದು ಯಾರಿಗೂ ಅಲ್ಲ ಎಂಬಂತೆ ಹೇಳಿದಳು. ಯಾರು ಮೊಂಡು ಮಾಡಿದ್ದು ಅಂತ ತಂಗಿಯೂ ಯಾರನ್ನೂ ಅಲ್ಲ ಎಂಬಂತೆ ಕೇಳಿದಳು. ನಾಲ್ಕು ಬೆರಳು ಬಿಚ್ಚಿಕೊಂಡಿತು. ತಂಗಿ ಕೈಹಾಕಿ ಎಳೆದಳು. ದೋಣಿಗಳು ಒಂದರ ಹಿಂದೊಂದು ಹೊರಬಂದವು. ಅಕ್ಕ ಕತ್ತರಿಯನ್ನು ಅದರೊಳಗೆ ಇಳಿಸಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡಳು.

ನಾನು ಪೆನ್ನು ಹೆಕ್ಕಿ ಮತ್ತೆ ಮೇಜು ಹತ್ತಿ, ಬಾಯಿಬಿಟ್ಟು ಓದುತ್ತ ಬರೆದೆ: "ಇಬ್ಬರ ಕಣ್ಣಲ್ಲೂ ನೀರು."

"ಯಾರ ಕಣ್ಣಲ್ಲಿ?" ಇಬ್ಬರೂ ಒಟ್ಟಿಗೆ ಕೇಳಿದರು.

೭

ಇವನು ಏನೇ ಬರೀತಿರೋದು ಎಂದು ಅಕ್ಕ ತಂಗಿಯನ್ನು ಕೇಳಿದಳು. ನಮ್ಮನ್ನೇ, ನಾನು ಸೊಂಟಕ್ಕೆ ಕೈಯಿಡ್ತೀನಂತೆ ಎಂದಳು ತಂಗಿ.

"ಇಡ್ತೀಯ."

"ನೀನು ರಟ್ಟು ಕತ್ತರಿಸಿದ್ದೂ ಇದೆ ಅದರಲ್ಲಿ."

ಅಕ್ಕ ಕೈಚಾಚಿ ನನ್ನಿಂದ ಹಾಳೆ ಕಿತ್ತುಕೊಂಡಳು. ಓದಲಿಲ್ಲ, ಉಜ್ಜಿ ನೋಡಿದಳು. ಕಾಗದ ದಪ್ಪ ಇದೆ, ನಾಲ್ಕು ಹೂವು ಆಗುತ್ತೆ ಎಂದಳು. ಕಣ್ಣು ಹಾಳೆಯ ಮೇಲೆಯೇ ಇತ್ತು. ಹಳೇ ಕತ್ತರಿ ಚೀಲದೊಳಗೆ ಬೆಚ್ಚಗೆ ಮಲಗಿತ್ತು. ಇನ್ನೊಂದು ಕೈ ತನ್ನ ಪಾಡಿಗೆ ತಾನು ಮೇಜಿನ ಮೇಲೆ ತಡಕುತ್ತ ಹೊರಟಿತು. ಮೇಜಿನ ಮೇಲಿದ್ದದ್ದು ಕೆಂಪು ದಾರದ್ದು.

ತಂಗಿ ನೋಡುತ್ತಿದ್ದಾಳೆ.

ಅಂತ್ಯ ಮೂರು: ಅಕ್ಕ ಕತ್ತರಿಸುತ್ತಾಳೆ. ಇನ್ನೂ ಆರು ವರ್ಷ, ಹದಿನೇಳು ಮೆಟ್ಟಿಲು, ನನ್ನ ಮೊಣಕಾಲು.

ಅಂತ್ಯ ನಾಲ್ಕು: ತಂಗಿ ಅವಳ ಕೈಗೆ ಫಟ್ಟೆಂದು ಹೊಡೆಯುತ್ತಾಳೆ, ಚಿಕ್ಕಂದಿನಲ್ಲಿ ಹೊಡೆದಂತೆ. ಮುಂದಿನದು ದೇವರಿಗೇ ಗೊತ್ತು.

ಅಂತ್ಯ ಐದು: ತಂಗಿ ತಾನೇ ಆ ಕತ್ತರಿಯನ್ನು ಎತ್ತಿ ಕೊಡುತ್ತಾಳೆ. (ಬರೆದ ಕೂಡಲೇ ಹೊಡೆದು ಹಾಕಿದೆ. ಸುಳ್ಳಿಗೂ ಒಂದು ಮಿತಿ ಬೇಡವೇ?)

ಆರಿಸಿಕೊಳ್ಳುವವರು ಆರಿಸಿಕೊಳ್ಳಿ. ನಾನು ಇಸ್ತ್ರಿ ಮೇಜಿನಿಂದ ಕೆಳಗಿಳಿದು, ಬಾಗಿಲ ಹತ್ತಿರ ನಿಂತು, ಅಂಗೈ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಾಳೆ ಅಕ್ಕನ ಬಳಿಯೇ ಇದೆಯಲ್ಲ. ಅಕ್ಕನ ಬೆರಳಿಗೂ ಕೆಂಪು ದಾರಕ್ಕೂ ನಡುವೆ ಈಗ ಸರಿಯಾಗಿ ನಾಲ್ಕು ಬೆರಳು ಜಾಗವಿದೆ.

ಅದನ್ನು ನಾನು ಹೊಲಿಯುವುದಿಲ್ಲ.